ದೇಶವ್ರತವೂ ಅಂತರ್ಜಾಲವೂ

ಮನುಷ್ಯನು ಒಂದು ಸ್ಥಳಕ್ಕೆ ಹೋದನೆಂದು ಯಾವಾಗ ಹೇಳಬೇಕು? ಅವನ ಕಾಲು ಹೋದಾಗಲೋ, ಮಾತು ಹೋದಾಗಲೋ, ಮನಸ್ಸು ಹೋದಾಗಲೋ? ಮೇಲುನೋಟಕ್ಕೆ ಇದು ತಾರ್ಕಿಕರ ಕಾಲಹರಣದಂತೆ ತೋರಬಹುದು. ಆದರೆ ದಿಗ್ವ್ರತವನ್ನೂ ದೇಶವ್ರತವನ್ನೂ ಸ್ವೀಕರಿಸಿದ ಶ್ರಾವಕನಿಗೆ ಇದು ನಿತ್ಯದ ಆಚರಣೆಯ ಪ್ರಶ್ನೆ. ಇಂದು ಅದು ಯಾವ ವ್ರತವನ್ನೂ ಸ್ವೀಕರಿಸದ ಹದಿನಾರು ಹದಿನೇಳರ ಪ್ರಾಯದ ಮಕ್ಕಳ ಪ್ರಶ್ನೆಯೂ ಆಗಿದೆ. ಹಳಿಯಾಳದ ಒಂದು ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತ ಹುಡುಗನೊಬ್ಬನು ಅಂಗೈಯಗಲದ ಮೊಬೈಲಿನಲ್ಲಿ ಬೆಂಗಳೂರಿನ ಅಧ್ಯಾಪಕರ ಗಣಿತಪಾಠವನ್ನು ಕೇಳುತ್ತಾನೆ. ಐದು ನಿಮಿಷಗಳ ಬಳಿಕ ಯಾವುದೋ ದೇಶದ ಅಪರಿಚಿತರಿಬ್ಬರ ಜಗಳವನ್ನು ನೋಡುತ್ತಾನೆ. ಅನಂತರ ದಾಂಡೇಲಿಯ ಗೆಳೆಯನಿಗೆ ತನ್ನ ಮುಖವನ್ನು ತೋರಿಸಿ ಮಾತನಾಡುತ್ತಾನೆ. ತಾಯಿ ಅಡುಗೆಮನೆಯಿಂದ ಕರೆದರೆ ಅವನಿಗೆ ಕೇಳಿಸುವುದಿಲ್ಲ. ಅವನು ಮನೆಯಲ್ಲಿರುವನೋ ಇಲ್ಲವೋ?

ಇದಕ್ಕೆ ಉತ್ತರ ಕೊಡಲು ಹೊಸ ಶಾಸ್ತ್ರವನ್ನು ರಚಿಸಬೇಕಾಗಿಲ್ಲ. ದೇಶವ್ರತವೆಂದರೆ ಇಂತಿಷ್ಟು ಕಾಲ ಈ ಮನೆಯ, ಈ ಓಣಿಯ, ಈ ಹೊಲದ, ಈ ಹೊಳೆಯ ಆಚೆಗೆ ಹೋಗೆನೆಂದು ತಾನೇ ಮೇರೆ ಹಾಕಿಕೊಳ್ಳುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವನ್ನು ಗಮನವಿಟ್ಟು ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಐದರಲ್ಲಿ ಒಂದರಲ್ಲಿಯೂ ವ್ರತಿಯ ಕಾಲು ಮೇರೆಯನ್ನು ದಾಟಿಲ್ಲ! ಆಚೆಯಿರುವ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಬೇರೊಬ್ಬನಿಂದ ಅಲ್ಲಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ಸದ್ದು ಮಾಡಿಯೋ ಆಚೆಯವರ ಗಮನ ಸೆಳೆಯುವುದು ಶಬ್ದಾನುಪಾತ. ತನ್ನ ಆಕಾರವನ್ನು ಅವರಿಗೆ ಕಾಣುವಂತೆ ತೋರಿಸುವುದು ರೂಪಾನುಪಾತ. ಮಣ್ಣಹೆಂಟೆಯನ್ನೋ ಕಲ್ಲಹರಳನ್ನೋ ಎಸೆದು ಸಂಜ್ಞೆ ಮಾಡುವುದು ಪುದ್ಗಲಕ್ಷೇಪ.

ಈ ಐದನ್ನು ಒಬ್ಬ ಇಂದಿನ ತರುಣನ ಮುಂದೆ ಓದಿದರೆ ಅವನು ನಗದೆ ಇರಲಾರನು. ಮನೆಯಲ್ಲಿ ಕುಳಿತು ದೂರದ ಗೋದಾಮಿನಿಂದ ಪಾದರಕ್ಷೆ ತರಿಸಿಕೊಳ್ಳುವುದು ಆನಯನವಲ್ಲದೆ ಮತ್ತೇನು? ಬೆರಳೊತ್ತಿ ಬೇರೊಬ್ಬನನ್ನು ಊರೂರು ಓಡಾಡಿಸುವುದು ಪ್ರೇಷ್ಯಪ್ರಯೋಗ. ವಾಟ್ಸಾಪಿನ ಧ್ವನಿಸಂದೇಶವು ಶಬ್ದಾನುಪಾತ. ಸೆಲ್ಫಿಯೂ ವಿಡಿಯೋ ಕರೆಯೂ ರೂಪಾನುಪಾತ. ಇನ್ನು ಯಾರದೋ ಚಿತ್ರದ ಕೆಳಗೆ ಒತ್ತುವ ಆ ಕೆಂಪು ಹೃದಯದ ಗುರುತು, ನಾನೂ ಇಲ್ಲಿದ್ದೇನೆ ಎಂದು ತಿಳಿಸಲು ಬೇಲಿಯಾಚೆ ಎಸೆದ ಹರಳೇ ಸರಿ. ಪ್ರಾಚೀನರು ಮೊಬೈಲನ್ನು ಮೊದಲೇ ಕಂಡಿದ್ದರೆಂದು ಇದರಿಂದ ಸಾಧಿಸಲು ನಾನು ಹೊರಟಿಲ್ಲ. ಅಂತಹ ವಾದ ನಮ್ಮ ಜನರಿಗೆ ಬಹಳ ಪ್ರಿಯ. ಆದರೆ ಅದರಿಂದ ಶಾಸ್ತ್ರಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಗೌರವವಿಲ್ಲ. ಅವರು ಕಂಡದ್ದು ಯಂತ್ರವನ್ನಲ್ಲ, ಮನುಷ್ಯನನ್ನು. ಕಾಲನ್ನು ಕಟ್ಟಿಹಾಕಿದರೂ ಮನುಷ್ಯನು ಮಾತಿನಿಂದಲೂ ರೂಪದಿಂದಲೂ ಪರರ ಕೈಯಿಂದಲೂ ಹೋಗಿಯೇ ಹೋಗುತ್ತಾನೆ, ಆ ಹೋಗುವಿಕೆಯೂ ನಿಜವಾದ ಹೋಗುವಿಕೆಯೇ ಎಂಬುದನ್ನು ಅವರು ಅರಿತಿದ್ದರು. ಆದ್ದರಿಂದ ಪಡಸಾಲೆಯ ಹುಡುಗನು ಮನೆಯಲ್ಲಿ ಇಲ್ಲ; ಮಾಡದ ಪ್ರಯಾಣವೊಂದರಿಂದ ದಣಿದು ರಾತ್ರಿ ಹನ್ನೆರಡಕ್ಕೆ ಮನೆಗೆ ಮರಳುತ್ತಾನೆ.

ಆದರೆ ಇಲ್ಲಿಯೇ ಒಂದು ಎಚ್ಚರ ಬೇಕು. ಅತಿಚಾರವೆಂಬುದು ವ್ರತವನ್ನು ಸ್ವೀಕರಿಸಿದವನಿಗೆ ಮಾತ್ರ. ಮೇರೆಯನ್ನೇ ಹಾಕಿಕೊಳ್ಳದವನು ಯಾವ ಮೇರೆಯನ್ನು ಮೀರಿದನೆಂದು ಹೇಳುವುದು? ವೀಡಿಯೋ ಕರೆ ಮಾಡುವುದೇ ಪಾಪ, ಅಂತರ್ಜಾಲವೇ ಪಾಪದ ಕೂಪ ಎಂದು ಮಕ್ಕಳನ್ನು ಗದರಿಸುವ ಹಿರಿಯರು ತರ್ಕದಲ್ಲಿಯೂ ತಪ್ಪುತ್ತಾರೆ, ಲೋಕಸ್ಥಿತಿಯನ್ನು ತಿಳಿಯುವುದರಲ್ಲಿಯೂ ತಪ್ಪುತ್ತಾರೆ.

ಲೋಕಸ್ಥಿತಿಯ ಮಾತಿಗೆ ನಮ್ಮ ಜೋಯಿಡಾ ತಾಲ್ಲೂಕನ್ನೇ ತೆಗೆದುಕೊಳ್ಳೋಣ. ಹಳೆಯ ಸೂಪಾ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ತಾಲ್ಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು, ಅಲ್ಲೊಂದು ಇಲ್ಲೊಂದು ಮನೆಗಳಿರುವ ಕುಣಬಿಗಳ ಹಳ್ಳಿಗಳು, ಮಳೆಗಾಲದಲ್ಲಿ ದಿನಗಟ್ಟಲೆ ಇಲ್ಲದ ವಿದ್ಯುತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅದು ದೇಶದ ಬಡವನ ಕೈಗೂ ಎಟುಕುವಷ್ಟು ಅಗ್ಗವಾಯಿತು. ಆದರೆ ಕಾಡಿನ ಊರುಗಳಲ್ಲಿ ಅಗ್ಗವಾದರೇನು, ನೆಟ್‌ವರ್ಕೇ ಇರಲಿಲ್ಲ. ೨೦೨೦ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಹೋಯಿತು. ಉತ್ತರ ಕನ್ನಡದ ಘಟ್ಟದ ಮೇಲಿನ ಮಕ್ಕಳು ಪುಸ್ತಕದ ಚೀಲ, ಕೊಡೆಗಳೊಡನೆ ನೆಟ್‌ವರ್ಕ್ ಸಿಗುವ ಗುಡ್ಡವನ್ನು ಹುಡುಕಿಕೊಂಡು ಹೋದರು. ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವೇ ಬೇಡವೆಂದು ರಾಜ್ಯ ಸರಕಾರವು ಆ ವರ್ಷದ ಜೂನಿನಲ್ಲಿ ನಿರ್ಣಯಿಸಿತು. ಜುಲೈಯಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಬಂದಿತು. ಉಪಾಧ್ಯಾಯ ವೃತ್ತಿಯಲ್ಲಿದ್ದವನಾಗಿ ನನಗೆ ಅವುಗಳಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು ವಿದ್ಯಾಗಮವೇ. ದೇವಾಲಯದ ಜಗುಲಿಯೂ ಮರದ ನೆರಳೂ ತರಗತಿಯಾದವು.

ಗುಡ್ಡ ಹತ್ತಿದ ಆ ಮಕ್ಕಳಿಗೆ ಅಂತರ್ಜಾಲವು ಭೋಗವಾಗಿರಲಿಲ್ಲ, ದಾರಿಯಾಗಿತ್ತು. ಇಂದಿಗೂ ಹಾಗೆಯೇ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಸಿ.ಇ.ಟಿ.ಯ ಆಪ್ಷನ್ ಎಂಟ್ರಿ, ಎಲ್ಲವೂ ಅದರ ಮೂಲಕವೇ. ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಜೀವನೋಪಾಯವೆಂದರೆ ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೆಂದೇ ತಿಳಿಯುತ್ತಿದ್ದರು. ಈಗ ಕಾಳಿಯ ದಂಡೆಯ ಹೋಮ್‌ಸ್ಟೇಗಳಲ್ಲಿ ದುಡಿಯುವ ತರುಣರ ಅನ್ನವು ಮೊಬೈಲಿಗೆ ಬರುವ ಬುಕಿಂಗಿನಲ್ಲಿದೆ. ದೇಶದಲ್ಲಿ ನೆಟ್‌ವರ್ಕ್ ಇಲ್ಲದ ೨೪,೬೮೦ ಹಳ್ಳಿಗಳಿಗೆ ೪ಜಿ ಸೇವೆ ಮುಟ್ಟಿಸುವ ಯೋಜನೆಗೆ ಕೇಂದ್ರ ಮಂತ್ರಿಮಂಡಲವು ೨೦೨೨ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಇಷ್ಟಾದ ಮೇಲೆ ಗೃಹಸ್ಥನ ಮಕ್ಕಳಿಗೆ ಸಂಪೂರ್ಣ ತ್ಯಾಗವನ್ನು ಬೋಧಿಸುವುದೆಂದರೆ ಶ್ರಾವಕನಿಗೆ ಮುನಿಧರ್ಮವನ್ನು ಬೋಧಿಸಿದಂತೆ. ಶ್ರಾವಕನ ಧರ್ಮವು ಪರಿಮಾಣದಲ್ಲಿದೆ.

ಹಾಗಾದರೆ ಯಾವುದರ ಪರಿಮಾಣ? ಗಂಟೆಗಳನ್ನೆಣಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನನಗೆ ಅದು ಅರ್ಧ ಉತ್ತರವೆಂದು ತೋರುತ್ತದೆ. ಹಳಿಯಾಳದಿಂದ ಧಾರವಾಡಕ್ಕೆ ನಿತ್ಯ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಯ ದಿನವನ್ನು ನೋಡಿ. ಎಬ್ಬಿಸುವುದು ಮೊಬೈಲು, ತರಗತಿ ಉಂಟೋ ಇಲ್ಲವೋ ತಿಳಿಸುವುದು ಗುಂಪಿನ ಸಂದೇಶ, ಚಹದ ದುಡ್ಡನ್ನು ಕೊಡುವುದು ಅದರಿಂದಲೇ, ಬಿಟ್ಟುಹೋದ ಪಾಠವನ್ನು ಕೇಳುವುದು ಅದರಲ್ಲಿಯೇ. ಇವುಗಳ ನಡುವೆ, ಬಸ್ಸು ಕಾಯುವಾಗ, ಊಟದ ತಟ್ಟೆಯ ಮುಂದೆ, ಮಲಗಿದ ಮೇಲೆ, ಅರ್ಧ ಅರ್ಧ ನಿಮಿಷದ ರೀಲುಗಳು. ಪಾಠ ಕೇಳಿದ ಗಂಟೆಯೂ ರೀಲು ನೋಡಿದ ಗಂಟೆಯೂ ಗಡಿಯಾರಕ್ಕೆ ಒಂದೇ. ಆತ್ಮಕ್ಕೆ ಒಂದೇ ಅಲ್ಲ.

ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ: ಅವಗ್ರಹ, ಈಹಾ, ಅವಾಯ, ಧಾರಣಾ. ದೂರದಲ್ಲಿ ಬಿಳಿಯದೇನೋ ಕಂಡಿತು, ಇದು ಅವಗ್ರಹ. ಅದು ಕೊಕ್ಕರೆಯೋ ಬಾವುಟವೋ ಎಂದು ತಿಳಿಯಲು ಮನಸ್ಸು ತೊಡಗುವುದು ಈಹಾ. ರೆಕ್ಕೆ ಬಡಿಯಿತು, ಕೊಕ್ಕರೆಯೇ ಎಂಬ ನಿಶ್ಚಯವು ಅವಾಯ. ಕಾಲಾಂತರದಲ್ಲಿಯೂ ಮರೆಯದಂತೆ ಅದು ನಿಲ್ಲುವುದು ಧಾರಣಾ. ರೀಲಿನಲ್ಲಿ ನಡೆಯುವುದೇನು? ಒಂದು ಅವಗ್ರಹವಾಯಿತು, ಈಹೆ ಹುಟ್ಟುವ ಮೊದಲೇ ಬೆರಳು ಸರಿಯಿತು, ಮತ್ತೊಂದು ಅವಗ್ರಹ. ಮೊದಲನೆಯ ಮೆಟ್ಟಿಲ ಮೇಲೆಯೇ ಸಾವಿರ ಸಲ ಹತ್ತಿ ಇಳಿದಂತೆ. ನೂರು ರೀಲುಗಳನ್ನು ನೋಡಿದವನನ್ನು ಮರುದಿನ ಏನು ನೋಡಿದೆಯೆಂದು ಕೇಳಿದರೆ ಮೂರನ್ನು ಹೇಳಲು ತಡವರಿಸುತ್ತಾನೆ. ಆದರೆ ದಣಿವು ಮಾತ್ರ ನೂರರದೂ ಆಗಿರುತ್ತದೆ. ಕಾಲವಷ್ಟೇ ನಷ್ಟವಾಗಿದ್ದರೆ ಮುಪ್ಪಿನವರೆಗೆ ಬೇಕಾದಷ್ಟು ಕಾಲವಿದೆಯೆಂದು ತರುಣರು ಹೇಳಬಹುದು. ಇಲ್ಲಿ ನಷ್ಟವಾಗುವುದು ಒಂದು ವಿಷಯದ ಮುಂದೆ ನಿಂತು ವಿಚಾರಿಸುವ ಅಭ್ಯಾಸ.

ಇದಕ್ಕೆ ವಿರುದ್ಧವಾದ ದೃಶ್ಯವನ್ನು ಕಾಣಬೇಕಾದರೆ ನಮ್ಮ ನೆರೆಯ ಮುಂಡಗೋಡಕ್ಕೆ ಹೋಗಬೇಕು. ೧೯೬೬ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ವಸಾಹತು ನೆಲೆಗೊಂಡಿತು; ೧೯೬೯ರಲ್ಲಿ ಡ್ರೆಪುಂಗ್, ಗಾಂಡೆನ್ ಎಂಬ ಅವರ ಮಹಾವಿಹಾರಗಳು ಪುನಃ ಸ್ಥಾಪನೆಯಾದವು. ಅವರ ಸಿದ್ಧಾಂತ ಬೇರೆ, ನಮ್ಮದು ಬೇರೆ; ಅದು ಹಾಗಿರಲಿ. ಅಂಗಳದಲ್ಲಿ ತರುಣ ಭಿಕ್ಷುಗಳು ವಾದ ಮಾಡುವ ಕ್ರಮವು ನೋಡತಕ್ಕದ್ದು. ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ಎದುರಿಗೆ ನಿಂತು ಕೈ ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಹಾಕುತ್ತಾನೆ. ಉತ್ತರವು ಧಾರಣೆಯಿಂದಲೇ ಬರಬೇಕು, ಆಗಲೇ ಬರಬೇಕು. ಆ ಹುಡುಗರಿಗೂ ಮೊಬೈಲಿನ ಪರಿಚಯ ಇಲ್ಲದಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ನೆರವಿಗೆ ಬಾರದು. ನಮ್ಮ ಬಸದಿಗಳ ಪಾಠಶಾಲೆಗಳಲ್ಲಿಯೂ ಕಂಠಪಾಠವಿತ್ತು. ಕಂಠಪಾಠವು ಮೂರ್ಖತನವೆಂದು ನಾವೇ ಕೈಬಿಟ್ಟೆವು, ಅದರ ಜಾಗದಲ್ಲಿ ಇಟ್ಟದ್ದೇನೆಂಬುದನ್ನು ಮಾತ್ರ ನೋಡಲಿಲ್ಲ.

ಹಾಗೆಂದು ದೋಷವನ್ನೆಲ್ಲ ಮಗುವಿನ ತಲೆಗೆ ಕಟ್ಟುವುದು ಅನ್ಯಾಯ. ಪುಸ್ತಕಕ್ಕೆ ಕೊನೆಯ ಪುಟವಿದೆ, ವೃತ್ತಪತ್ರಿಕೆಗೂ ಇದೆ. ಕೆಳಗೆ ಎಳೆದಷ್ಟೂ ಮುಗಿಯದೆ ಬೆಳೆಯುವ ಪುಟವನ್ನು ೨೦೦೬ರಲ್ಲಿ ರೂಪಿಸಿದ ತಂತ್ರಜ್ಞ ಆಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದ್ದಾರೆ. ಮನುಷ್ಯನು ನಿಲ್ಲುವ ಎಡೆಗಳನ್ನು ಬೇಕೆಂದೇ ತೆಗೆದುಹಾಕಿ, ನಿಲ್ಲಲಾರದವನನ್ನು ದುರ್ಬಲನೆಂದು ಹಳಿಯುವುದು ಎಂತಹ ನ್ಯಾಯ? ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು. ಆಯುಧ, ವಿಷ, ಹಗ್ಗ ಮೊದಲಾದ ಪೀಡೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಲಾಭಕ್ಕಾಗಿ ಕೊನೆಯಿಲ್ಲದ ಪುಟವನ್ನು ಹನ್ನೆರಡು ವರ್ಷದವನ ಕೈಗೆ ಕೊಡುವ ವ್ಯಾಪಾರಿಯನ್ನು ಇದರಿಂದ ಹೊರಗಿಡಲು ನನಗೆ ಕಾರಣ ಕಾಣದು. ಮಗು ಅಳುತ್ತದೆಯೆಂದು ಅದೇ ವಸ್ತುವನ್ನು ತೊಟ್ಟಿಲಲ್ಲಿಯೇ ಕೊಡುವವರನ್ನು ಏನೆನ್ನಬೇಕೆಂಬುದನ್ನು ಓದುಗರೇ ನಿರ್ಣಯಿಸಲಿ.

ತರುಣರು ಲಘುವಾಗಿ ಕಾಣುವ ಇನ್ನೊಂದು ಸಂಗತಿಯಿದೆ. ಕೃತ, ಕಾರಿತ, ಅನುಮತ ಎಂಬ ಮೂರೂ ಆಸ್ರವಕ್ಕೆ ಕಾರಣವೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಆದರೆ ಅನುಮತವೆಂಬುದು ಮನಸ್ಸಿನೊಳಗಿನ ಮಾತಾಗಿತ್ತು. ಹೊರಗೆ ಗುರುತು ಉಳಿಯುತ್ತಿರಲಿಲ್ಲ. ಈಗ ಅದಕ್ಕೆ ಒಂದು ಗುಂಡಿಯಾಗಿದೆ, ಲೆಕ್ಕವೂ ಆಗಿದೆ. ರಾತ್ರಿ ಕಾಡುದಾರಿಯಲ್ಲಿ ಜೀಪಿನ ದೀಪಕ್ಕೆ ಬೆದರಿ ಓಡುವ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಿ ಚಿತ್ರಿಸಿದ ವಿಡಿಯೋವನ್ನು ಒಬ್ಬನು ಹಾಕುತ್ತಾನೆ. ಅಟ್ಟಿಸಿದವನು ಒಬ್ಬನೇ; ಮೆಚ್ಚಿದವರು ಹತ್ತುಸಾವಿರ. ಆ ಮೆಚ್ಚಿಗೆಯ ಎಣಿಕೆಯನ್ನು ನೋಡಿಯೇ ಮತ್ತೊಬ್ಬನು ಮರುವಾರ ಜೀಪು ಹತ್ತುತ್ತಾನೆ. ನಾನೇನು ಮಾಡಿದೆ, ಬೆರಳೊತ್ತಿದೆನಷ್ಟೆ ಎಂದು ಹತ್ತುಸಾವಿರದಲ್ಲಿ ಒಬ್ಬನು ಹೇಳಿದರೆ ಅವನಿಗೆ ಕೊಡುವ ಉತ್ತರ ನಮ್ಮ ಪಾಠಶಾಲೆಯ ಚಿಕ್ಕ ಮಗುವಿಗೂ ಗೊತ್ತಿದೆ. ಇರುವೆ ಸಾಲನ್ನು ದಾಟಿ ನಡೆಯುವ ಮನೆತನದ ಹುಡುಗರು ಬೆರಳಿನ ವಿಷಯದಲ್ಲಿ ಅಷ್ಟೇ ನೋಡಿ ನಡೆಯುವುದು ಅಸಾಧ್ಯವೇನಲ್ಲ.

ಈಗ ಕಾನೂನಿನ ಮಾತು. ಆಸ್ಟ್ರೇಲಿಯಾ ದೇಶವು ೨೦೨೫ರ ಡಿಸೆಂಬರ್ ೧೦ರಿಂದ ಹದಿನಾರು ತುಂಬದ ಮಕ್ಕಳಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿತು. ದಂಡವು ಕಂಪನಿಗಳಿಗೆ, ಮಕ್ಕಳಿಗಾಗಲಿ ಪಾಲಕರಿಗಾಗಲಿ ಅಲ್ಲ. ನಮ್ಮಲ್ಲಿ ೨೦೨೩ರ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹದಿನೆಂಟರೊಳಗಿನವರ ವಿಷಯದಲ್ಲಿ ಪಾಲಕರ ಸಮ್ಮತಿ ಬೇಕೆಂದು ಹೇಳಿತು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ನಿಷೇಧಿಸಿತು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸುವ ನಾವು ಇದನ್ನು ಸ್ವಾಗತಿಸಬೇಕಾದದ್ದೇ. ಆದರೂ ಕಾನೂನು ಕಟ್ಟುವುದು ಮಾರುವವನನ್ನು. ವ್ರತವು ಕೊಳ್ಳುವವನು ತನ್ನನ್ನು ತಾನೇ ಕಟ್ಟಿಕೊಳ್ಳುವುದು. ಒಂದು ಮಾಡುವ ಕೆಲಸವನ್ನು ಮತ್ತೊಂದು ಮಾಡಲಾರದು.

ಮನೆಯ ಹಿರಿಯರು ಇಲ್ಲಿ ಮರೆಯುವುದು ಇದನ್ನೇ. ಮೊಬೈಲನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅದು ಪಾಲಕರ ಅಧಿಕಾರ, ಮಗುವಿನ ವ್ರತವಲ್ಲ. ಸೆರೆಮನೆಯಲ್ಲಿ ಊಟ ಸಿಗದವನು ಉಪವಾಸ ಮಾಡಿದನೆಂದು ಯಾರೂ ಹೇಳುವುದಿಲ್ಲ. ಅಲ್ಲದೆ ಈ ಬೀಗವು ಸಾಮಾನ್ಯವಾಗಿ ಮಗಳಿಗೇ ಮೊದಲು ಬೀಳುತ್ತದೆ. ಹತ್ತನೆಯ ತರಗತಿಯ ಮಗಳ ಕೈಯಿಂದ ಮೊಬೈಲು ಕಸಿದು, ಅವಳ ಅಣ್ಣ ಇರುಳೆರಡು ಗಂಟೆಯವರೆಗೆ ಆಟವಾಡುತ್ತಿದ್ದರೂ ಗಂಡುಹುಡುಗನೆಂದು ಸುಮ್ಮನಿರುವ ಮನೆಗಳು ನಮ್ಮ ಸಮಾಜದಲ್ಲಿ ಕಡಮೆಯಿಲ್ಲ. ಅಣುವ್ರತಗಳು ಶ್ರಾವಕನಿಗೂ ಶ್ರಾವಿಕೆಗೂ ಒಂದೇ. ವಿದ್ಯಾರ್ಥಿವೇತನದ ಅರ್ಜಿ ಅವಳಿಗೂ ಇದೆ.

ಹಿರಿಯರು ತಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಚತುರ್ದಶಿಯಂದು ನೀರನ್ನೂ ಮುಟ್ಟದೆ ಪ್ರೋಷಧೋಪವಾಸ ಮಾಡುವವರು ನಮ್ಮಲ್ಲಿದ್ದಾರೆ. ಅವರ ಕಷ್ಟಸಹಿಷ್ಣುತೆಗೆ ಕೈಮುಗಿಯುತ್ತೇನೆ. ಅದೇ ದಿನ ಹೊತ್ತು ಹೋಗುವುದಿಲ್ಲವೆಂದು ಮಧ್ಯಾಹ್ನವೆಲ್ಲ ಧಾರಾವಾಹಿಯ ತುಣುಕುಗಳನ್ನು ನೋಡುವವರೂ, ಬಂದ ಸಂದೇಶವನ್ನೆಲ್ಲ ಸತ್ಯವೋ ಸುಳ್ಳೋ ವಿಚಾರಿಸದೆ ಮುಂದಕ್ಕೆ ಕಳುಹಿಸುವವರೂ ಇದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉಪವಾಸದ ಅರ್ಥವನ್ನು ಬಿಡಿಸುವಾಗ ಹೊಟ್ಟೆಯಿಂದ ಆರಂಭಿಸುವುದಿಲ್ಲ. ಶಬ್ದಾದಿ ವಿಷಯಗಳ ಮೇಲಿನ ಉತ್ಸುಕತೆಯನ್ನು ಬಿಟ್ಟು ಐದೂ ಇಂದ್ರಿಯಗಳು ಬಂದು ನೆಲೆಸುವುದನ್ನು ಉಪವಾಸವೆಂದು ತಿಳಿಸುತ್ತಾರೆ. ನಾಲಿಗೆಯೊಂದನ್ನು ಉಪವಾಸ ಕೆಡವಿ ಕಣ್ಣುಕಿವಿಗಳಿಗೆ ಔತಣ ಬಡಿಸಿದ ಅಜ್ಜಿಯು ಮೊಮ್ಮಗನಿಗೆ ಹೇಳುವ ಬುದ್ಧಿ ಎಷ್ಟು ನಾಟೀತು?

ಕೂಡಿ ಮಾಡಿದರೆ ಇದು ಸುಲಭವೆಂಬುದಕ್ಕೆ ನಿದರ್ಶನಗಳಿವೆ. ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ ೨೦೨೨ರ ಆಗಸ್ಟಿನಿಂದ ಸಂಜೆ ಏಳಕ್ಕೆ ದೇವಾಲಯದ ಸೈರನ್ನು ಕೂಗಿದೊಡನೆ ಎಂಟೂವರೆಯವರೆಗೆ ಮೊಬೈಲನ್ನೂ ದೂರದರ್ಶನವನ್ನೂ ಆರಿಸಿ ಮಕ್ಕಳು ಓದಲು ಕುಳಿತುಕೊಳ್ಳುವ ಪದ್ಧತಿಯನ್ನು ಊರವರು ತಂದರು. ಅದೇ ವರ್ಷದ ಪರ್ಯುಷಣ ಪರ್ವದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜಿನ ಜೈನರು ಒಂದು ಅಹೋರಾತ್ರಿ ಮೊಬೈಲನ್ನು ತ್ಯಜಿಸಿದರು. ನಮ್ಮ ಮನೆಗಳಿಗೆ ಸೈರನ್ನೂ ಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಒಲೆ ಆರಿಸುವ ಪದ್ಧತಿ ಇರುವ ಮನೆಯಲ್ಲಿ ಒಂದು ಮೇರೆ ಆಗಲೇ ಇದೆ. ತಟ್ಟೆ ವಿರಮಿಸಿದ ಹೊತ್ತಿಗೆ ಮೊಬೈಲೂ ಒಂದೆರಡು ಗಂಟೆ ವಿರಮಿಸಲಿ ಎಂದು ತಂದೆ, ತಾಯಿ, ಮಕ್ಕಳು ಒಟ್ಟಿಗೆ ಒಪ್ಪಿದರಾಯಿತು.

ಜೀವನಪರ್ಯಂತದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೇದ ಮಾಡಿದ್ದಾರೆ. ತರುಣರಿಗೆ ನಿಯಮವೇ ಸಾಕು. ಈ ದಶಲಕ್ಷಣದ ಹತ್ತು ದಿನ ರೀಲು ನೋಡೆನು. ಈ ಪಕ್ಷದಲ್ಲಿ ರಾತ್ರಿ ಒಂಬತ್ತರ ಮೇಲೆ ಮೊಬೈಲನ್ನು ಹಾಸಿಗೆಗೆ ತಾರೆನು. ಅಷ್ಟಮಿ ಚತುರ್ದಶಿಗಳಂದು ಪಾಠ, ಅರ್ಜಿ, ಮನೆಯವರ ಕರೆ ಇವಿಷ್ಟರ ಹೊರತು ಬೇರಾವುದಕ್ಕೂ ಅಂತರ್ಜಾಲಕ್ಕೆ ಹೋಗೆನು. ಹೀಗೆ ಕಾಲವನ್ನೂ ಕಾರ್ಯವನ್ನೂ ಹೆಸರಿಸಿ ಹೇಳಿಕೊಳ್ಳಬೇಕು. ಸಾಧ್ಯವಾದಷ್ಟು ಕಡಮೆ ನೋಡುತ್ತೇನೆ ಎಂಬುದು ನಿಯಮವಲ್ಲ. ಅದಕ್ಕೆ ಮೇರೆಯೇ ಇಲ್ಲವಾದ್ದರಿಂದ ಮೀರಿದ್ದೂ ತಿಳಿಯುವುದಿಲ್ಲ. ಯಾವ ನಿಯಮವೆಂಬುದನ್ನು ಮಗುವೇ ಆರಿಸಲಿ. ಮೇರೆ ಹಾಕಿಕೊಂಡ ಮೇಲೆ ಮೇಲೆ ಹೇಳಿದ ಐದು ಅತಿಚಾರಗಳು ಅದಕ್ಕೆ ಉಪಯೋಗಕ್ಕೆ ಬರುತ್ತವೆ. ತಾನು ನೋಡದೆ ತಂಗಿಯನ್ನು ಕರೆದು ಯಾರು ಏನು ಹಾಕಿದ್ದಾರೆ ಹೇಳು ಎನ್ನುವ ಅಣ್ಣನು ಪ್ರೇಷ್ಯಪ್ರಯೋಗದಲ್ಲಿ ಸಿಕ್ಕಿಬಿದ್ದನೆಂದು ಮನೆಯವರೆಲ್ಲ ನಗಬಹುದು. ಆ ನಗುವಿನಿಂದ ಕಲಿತದ್ದು ಗದರಿಕೆಯಿಂದ ಕಲಿತದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ನಿಯಮಕಾಲದಲ್ಲಿ ಅನಿವಾರ್ಯ ಕಾರ್ಯ ಬಂದರೇನು ಎಂದು ಕೇಳಬಹುದು. ಆಪ್ಷನ್ ಎಂಟ್ರಿಗೆ ಕೊನೆಯ ದಿನವು ಚತುರ್ದಶಿಯಂದೇ ಬೀಳಬಹುದು. ಇಲಾಖೆಯವರು ಪಂಚಾಂಗ ನೋಡಿ ದಿನ ಗೊತ್ತುಮಾಡುವುದಿಲ್ಲ. ಅದಕ್ಕಾಗಿ ವರ್ಷವನ್ನು ಕಳೆದುಕೊಳ್ಳಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಹಿಂದಿನ ದಿನವೇ ನಿಯಮವನ್ನು ಹೇಳಿಕೊಳ್ಳುವಾಗ ಆ ಕಾರ್ಯವನ್ನು ಹೊರತುಪಡಿಸಿ ಹೇಳಿಕೊಂಡರೆ ದೋಷವಿಲ್ಲ. ಜೋಯಿಡಾದ ಕಾಡಿನಂಚಿನ ಹುಡುಗಿಯೊಬ್ಬಳು ಹಾಗೆ ಹೇಳಿಕೊಂಡು, ನೆಟ್‌ವರ್ಕ್ ಸಿಗುವ ಗುಡ್ಡವನ್ನು ಹತ್ತಿ, ಅರ್ಜಿಯನ್ನು ತುಂಬಿದಳೆನ್ನೋಣ. ಅಷ್ಟು ಹತ್ತಿ ಬಂದದ್ದಾಯಿತಲ್ಲ, ಹೇಗೂ ನೆಟ್‌ವರ್ಕ್ ಇದೆಯಲ್ಲ ಎಂದು ಅವಳು ಅಲ್ಲಿ ಇನ್ನೂ ಅರ್ಧ ಗಂಟೆ ಕುಳಿತರೆ ಆ ಅರ್ಧ ಗಂಟೆಯು ವಿನಾಯಿತಿಯಲ್ಲಿ ಸೇರುವುದಿಲ್ಲ. ಗುಡ್ಡದ ಮೇಲೆ ಅವಳನ್ನು ನೋಡುವವರು ಯಾರೂ ಇಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದವಳು ಅವಳೇ.